ಹಿಡಿಕೆ ತೆಗೆದ ಸೀಟು

ಗ್ಯಾರೇಜುಗಳ ಸಾಲಿನಲ್ಲಿ ಕಟ್ಟಕಡೆಯ ಅಂಗಡಿ ಅವನದು. ಬೈಕಿನ ಸೀಟು ಹೊಲಿಯುವುದು ಕಸುಬು. ಹೊಲಿಯುವ ಬಟ್ಟೆ ರೆಗ್ಜಿನ್, ಹಾಗಾಗಿ ಜನರ ಬಾಯಲ್ಲಿ ಅವನು ರೆಗ್ಜಿನ್ ಮಾವ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇರಬೇಕು. ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿದ್ದನೋ ಇಲ್ಲವೋ, ಹೇಳುವುದು ಕಷ್ಟ.

ಅಂಗಡಿ ಎಂದರೆ ಒಂದು ಷಟರು, ಒಂದು ಬಲ್ಬು, ಗೋಡೆಗೆ ಒರಗಿಸಿಟ್ಟ ರೆಗ್ಜಿನ್ ಸುರುಳಿಗಳು, ಮೂಲೆಯಲ್ಲಿ ಹಳದಿ ಫೋಮಿನ ದಪ್ಪ ಹಾಳೆಗಳು, ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಏರುವ ಗಮ್ಮಿನ ವಾಸನೆ. ಫೋಮನ್ನು ಮೊದಲು ಉದ್ದನೆಯ ಚಾಕುವಿನಿಂದ ಕೊಯ್ಯಬೇಕು, ಆಮೇಲೆ ಮರಳುಕಾಗದ ಸುತ್ತಿದ ಮೋಟಾರಿನಿಂದ ಉಜ್ಜಿ ರೂಪಕ್ಕೆ ತರಬೇಕು. ಉಜ್ಜುವಾಗ ಏಳುವ ಹುಡಿ ಅವನ ಹುಬ್ಬು, ಕಿವಿ, ಮೀಸೆಯನ್ನೆಲ್ಲ ಹೊಕ್ಕುಬಿಡುತ್ತಿತ್ತು. "ಹೊರಗೇ ಕೊಡವಿಕೊಂಡು ಬನ್ನಿ. ಊಟದಲ್ಲಿ ಫೋಮು ಸಿಕ್ಕಿದ್ರೆ ಆಮೇಲೆ ನನ್ನ ಅಡುಗೇನೇ ಬೈತೀರ" ಎಂದು ಹೆಂಡತಿ ದಿನವೂ ಬಾಗಿಲಲ್ಲೇ ತಡೆಯುತ್ತಿದ್ದಳು.

ವಯಸ್ಸಿನಲ್ಲಿ ಬಸ್ಸು ಕಟ್ಟುವ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತವನು. ಬಸ್ಸಿನ ಸೀಟಿಗೆ ಅಂದಚೆಂದ ಯಾರಿಗೂ ಬೇಡ, ಕೂತವನ ಸೊಂಟ ಮುರಿಯದಿದ್ದರೆ ಸಾಕು. ಅಲ್ಲಿಂದ ಬಿಟ್ಟು ಬಂದು ಸ್ವಂತ ಅಂಗಡಿ ಹಾಕಿದ ಹೊಸತರಲ್ಲಿ ಬರುತ್ತಿದ್ದವರೆಲ್ಲ ಸಂಸಾರಸ್ಥರು. "ಮಾವ, ಇನ್ನೊಂದು ಗೇಣು ಉದ್ದ ಮಾಡ್ಕೊಡು, ಎರಡನೇದು ಹುಟ್ಟಿದೆ" ಎನ್ನುತ್ತಿದ್ದರು. ಅವನು ಫೋಮು ಸೇರಿಸಿ, ಅಗಲ ಮಾಡಿ, ಹಿಂದೆ ಒಂದು ಸಣ್ಣ ಏರು ಕಟ್ಟಿ, ಕೂತವರು ಜಾರದ ಹಾಗೆ ಒರಟು ರೆಗ್ಜಿನ್ ಹಾಕಿ ಕೊಡುತ್ತಿದ್ದ. ಒಂದು ಬೈಕಿನ ಮೇಲೆ ಇಡೀ ಮನೆ ಹೊರಡುತ್ತಿತ್ತು. ಅದೇನು ಒಳ್ಳೆಯ ಕೆಲಸವೆಂದು ನಾನು ಹೇಳುತ್ತಿಲ್ಲ. ಆದರೆ ಕೂತವರು ಕೂತಲ್ಲೇ ಇರುತ್ತಿದ್ದರು.

ಆಮೇಲೆ ಗಾಳಿ ಬದಲಾಯಿತು. ಮೂಗಿನಡಿ ಮೀಸೆ ಚಿಗುರಿದವರಿಂದ ಹಿಡಿದು ಮೀಸೆಗೆ ಬಣ್ಣ ಹಚ್ಚುವವರ ತನಕ ಎಲ್ಲರಿಗೂ ಬೈಕು ತೆಳ್ಳಗೆ, ಚೂಪಗೆ, ಬಾಲ ಎತ್ತಿಕೊಂಡು ಕಾಣಬೇಕು ಎನಿಸತೊಡಗಿತು. ಕನ್ನಡಿ ಬಿಚ್ಚಿಸಿದರು. ಸೈಲೆನ್ಸರ್ ಕೊಯ್ಯಿಸಿದರು. ಹಿಂದೆ ಕೂತವರು ಹಿಡಿದುಕೊಳ್ಳಲೆಂದು ಕಂಪನಿಯವರು ಕೊಟ್ಟ ಕಬ್ಬಿಣದ ಹಿಡಿಕೆ ಕಣ್ಣಿಗೆ ಚುಚ್ಚತೊಡಗಿತು, ಅದನ್ನೂ ತೆಗೆಸಿದರು. ಸೀಟಿನ ಹಿಂಭಾಗದ ಫೋಮು ಕೊಯ್ದು ಅಂಗೈಯಷ್ಟು ಅಗಲ ಉಳಿಸಿ, ಹಿಂದಕ್ಕೆ ಇಳಿಜಾರು ಕೊಟ್ಟು, ಮೇಲೆ ಕನ್ನಡಿಯ ಹಾಗೆ ಹೊಳೆಯುವ ನುಣುಪು ರೆಗ್ಜಿನ್ ಎಳೆದು ಹೊಲಿಯುವುದಕ್ಕೆ ಆ ಸಾಲಿನಲ್ಲಿ ‘ಕಟಿಂಗ್’ ಎಂದು ಹೆಸರು. ಕಟಿಂಗ್‌ನಲ್ಲಿ ರೆಗ್ಜಿನ್ ಮಾವನನ್ನು ಮೀರಿಸುವವರು ಇರಲಿಲ್ಲ. ರಸ್ತೆಯಲ್ಲಿ ಹೋಗುವ ಬೈಕು ನೋಡಿ "ಇದು ಮಾವನ ಕೈ" ಎಂದು ಗುರುತಿಸುವವರಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವನು ನೆಲದ ಮೇಲೆ ನಡೆಯುತ್ತಿರಲಿಲ್ಲ.

"ಹಿಂದೆ ಕೂರೋರು ಏನನ್ನ ಹಿಡ್ಕೋಬೇಕಪ್ಪ?" ಎಂದು ಅವನು ಒಂದು ಸಲ ಕೇಳುತ್ತಿದ್ದ, ಕೇಳಿದ ಶಾಸ್ತ್ರಕ್ಕೆ.

"ನಮ್ಮನ್ನೇ ಹಿಡ್ಕೋಬೇಕು ಮಾವ, ಅದಕ್ಕೇ ತಾನೆ ತೆಗೆಸ್ತಿರೋದು" ಎಂದು ಗಿರಾಕಿ ಕಣ್ಣು ಮಿಟುಕಿಸುತ್ತಿದ್ದ. ಇಬ್ಬರೂ ನಗುತ್ತಿದ್ದರು. ದಿನಕ್ಕೊಮ್ಮೆಯಾದರೂ ಆ ಅಂಗಡಿಯಲ್ಲಿ ಇದೇ ನಗು.

ಬಿಚ್ಚಿದ ಹಿಡಿಕೆಗಳನ್ನು ಅವನು ಎಸೆಯುತ್ತಿರಲಿಲ್ಲ. ಅಂಗಡಿಯ ಹಿಂಗೋಡೆಗೆ ಅಡ್ಡಲಾಗಿ ಕಟ್ಟಿದ ತಂತಿಯ ಮೇಲೆ ಸಾಲಾಗಿ ತೂಗುಹಾಕುತ್ತಿದ್ದ. ಯಾರದ್ದೆಂದು ಗೊತ್ತಾಗಲು ಅವರವರ ಸೀಟಿನ ರೆಗ್ಜಿನ್ ಚೂರನ್ನೇ ಅದಕ್ಕೆ ಗಂಟು ಹಾಕುತ್ತಿದ್ದ. ಗಾಡಿಯನ್ನು ಸರ್ಕಾರದವರು ಪರೀಕ್ಷೆಗೆ ಕರೆದಾಗ, ಇಲ್ಲವೇ ಮಾರುವಾಗ, ಎಲ್ಲ ಮೊದಲಿನಂತಿರಬೇಕಲ್ಲ. ಆಗ ಬಂದು ಹಾಕಿಸಿಕೊಳ್ಳುತ್ತಿದ್ದರು, ಪರೀಕ್ಷೆ ಮುಗಿಸಿ ಬಂದು ಮತ್ತೆ ಬಿಚ್ಚಿಸುತ್ತಿದ್ದರು. ಆ ಸಾಲಿನಲ್ಲಿ ಇದು ಯಾರಿಗೂ ತಪ್ಪಾಗಿ ಕಾಣುತ್ತಿರಲಿಲ್ಲ. ಅತಿಥಿಗಳು ಬರುವಾಗ ಮನೆ ಗುಡಿಸಿದ ಹಾಗೆ, ಅಷ್ಟೇ.

ಬಿದ್ದ ಬೈಕುಗಳೂ ಅವನ ಹತ್ತಿರವೇ ಬರುತ್ತಿದ್ದವು. ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ತಲೆಯ ಮೇಲೆ ಗಾಳಿ ಹೊತ್ತು ಹೋದವರು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಸಂಸಾರದ ಜಗಳ ಬಗೆಹರಿಸುತ್ತ ಹೋದವರು. ಎದುರು ದಿಕ್ಕಿನಲ್ಲಿ "ಇಷ್ಟೇ ದೂರ ತಾನೆ" ಎಂದು ನುಗ್ಗಿದವರು. ಮೊಣಕೈ ಮಾತ್ರ ಕ್ಷೇಮವಾಗಿ ಉಳಿದವರನ್ನು ಅವನು ಬೇಕಾದಷ್ಟು ಕಂಡಿದ್ದ. ಬೈಕು ಗ್ಯಾರೇಜಿನಲ್ಲಿ ರಿಪೇರಿಯಾಗುವಾಗ ಹರಿದ ಸೀಟು ಅವನ ಕೈಗೆ ಬರುತ್ತಿತ್ತು. ಕೆಲವಕ್ಕೆ ಕಂದು ಕಲೆ ಅಂಟಿರುತ್ತಿತ್ತು. ಅವನು ಆ ರೆಗ್ಜಿನ್ ಸುಲಿದು ಎಸೆದು ಹೊಸತು ಹೊಲಿಯುತ್ತಿದ್ದ. ಯಾರದ್ದು, ಏನಾಯಿತು ಎಂದು ಕೇಳುತ್ತಿರಲಿಲ್ಲ. "ಅವರವರ ಹಣೇಲಿ ಬರೆದದ್ದು" ಎಂದು ಹೇಳಿಕೊಂಡರೆ ಸೂಜಿಯ ಮೇಲೆ ಕಣ್ಣು ನಿಲ್ಲುತ್ತಿತ್ತು.

ಇದ್ದವಳು ಒಬ್ಬಳೇ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ. ನೆನಪು ಎಂದರೆ ಅವಳದು. ಚೀಟಿಯ ಮೇಲಿನ ಕೋಳಿ ಕೆದಕಿದಂಥ ಅಕ್ಷರ ಓದಿ, ಯಾವ ಮಾತ್ರೆ ಯಾವ ಕಪಾಟಿನ ಯಾವ ಗೂಡಿನಲ್ಲಿದೆ ಎಂದು ತಿರುಗಿಯೂ ನೋಡದೆ ಕೈಹಾಕಿ ತೆಗೆಯುತ್ತಿದ್ದಳು. ಮನೆಯಲ್ಲಿ ಕನ್ನಡಕ, ಬೀಗದಕೈ, ಕತ್ತರಿ ಏನು ಕಾಣೆಯಾದರೂ ಅವಳನ್ನೇ ಕೇಳುವುದು ರೂಢಿಯಾಗಿತ್ತು.

ಅವಳ ಮದುವೆ ಒಬ್ಬ ಎಲೆಕ್ಟ್ರಿಷಿಯನ್ ಜೊತೆ ಆಯಿತು. ಕುಡಿತವಿಲ್ಲ, ಸಿಡುಕಿಲ್ಲ, ಅತ್ತೆಯ ಮನೆಯ ಫ್ಯಾನು, ಸ್ವಿಚ್ಚು ಎಲ್ಲವನ್ನೂ ಬಂದ ಮೊದಲ ವಾರವೇ ಸರಿಮಾಡಿದ. ಇದ್ದದ್ದು ಒಂದೇ ಚಾಳಿ. ಬೈಕಿನ ಮೇಲೆ ಕೂತರೆ ಯಾರಾದರೂ ಮುಂದಿರುವುದನ್ನು ಅವನು ಸಹಿಸುತ್ತಿರಲಿಲ್ಲ. ಬಸ್ಸಿಗೂ ಲಾರಿಗೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗವಿದ್ದರೆ ಅದು ತನಗೆಂದೇ ಬಿಟ್ಟದ್ದು ಎಂದು ತಿಳಿಯುತ್ತಿದ್ದ. ಸಿಗ್ನಲ್ಲಿನಲ್ಲಿ ಎಲ್ಲರಿಗಿಂತ ಹಿಂದೆ ಬಂದು ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದ. ಇಷ್ಟೆಲ್ಲ ಮಾಡಿ ಎಲ್ಲಿಗೆ ಹೋಗುತ್ತಿದ್ದ ಎಂದರೆ, ಮನೆಗೆ. ಹೋಗಿ ಟೀವಿ ನೋಡುತ್ತಿದ್ದ. ಅವನೊಬ್ಬನನ್ನೇ ಯಾಕೆ ಬೈಯಬೇಕು? ರಸ್ತೆ ತುಂಬ ಅಂಥವರೇ. ನೂರು ಸಲ ಹಾಗೆ ಹೋಗಿ ನೂರು ಸಲವೂ ಏನೂ ಆಗದೆ ಮನೆ ಸೇರಿದವನು ಅದನ್ನು ತನ್ನ ಜಾಣತನವೆಂದೇ ನಂಬುತ್ತಾನೆ.

ಮದುವೆಗೆ ಮಾವ ಕೊಟ್ಟ ಉಡುಗೊರೆ ಅಳಿಯನ ಬೈಕಿಗೆ ಕಟಿಂಗ್. ತನ್ನ ಜೀವಮಾನದ ಅತಿ ಚಂದದ ಸೀಟನ್ನು ಅವನು ಅದಕ್ಕೇ ಹೊಲಿದ. ಕಡುಗೆಂಪು ರೆಗ್ಜಿನ್, ಕಪ್ಪು ದಾರದ ಜೋಡಿ ಹೊಲಿಗೆ, ಹಿಂದೆ ಹಕ್ಕಿಯ ಬಾಲದಂಥ ಇಳಿಜಾರು. ಹಿಡಿಕೆ ಬಿಚ್ಚಿ ಕೆಂಪು ಚೂರು ಕಟ್ಟಿ ತಂತಿಗೆ ಹಾಕಿದ. ಮಗಳು ಮೊದಲ ಸಲ ಕೂತು ಇಳಿದವಳು, "ಅಪ್ಪಾ, ಜಾರತ್ತೆ" ಎಂದಳು.

"ನಿನ್ನ ಗಂಡನ್ನ ಗಟ್ಟಿಯಾಗಿ ಹಿಡ್ಕೋ, ಜಾರಲ್ಲ" ಎಂದ ಅಪ್ಪ. ಸುತ್ತ ನಿಂತವರೆಲ್ಲ ನಕ್ಕರು. ಅವಳೂ ನಾಚಿ ನಕ್ಕಳು.

ಹೆಣ್ಣುಮಗು ಹುಟ್ಟಿತು. ಅದು ಕೂರುವಷ್ಟಾದ ಮೇಲೆ ಮೂವರೂ ಅದೇ ಬೈಕಿನಲ್ಲಿ ಓಡಾಡತೊಡಗಿದರು. ಒಂದು ಸಂಜೆ ಮಗಳು ಅಂಗಡಿಗೇ ಬಂದು ಹೇಳಿದಳು: "ಅಪ್ಪಾ, ಆ ಹಿಡಿಕೆ ವಾಪಸ್ ಹಾಕ್ಕೊಡು. ಒಂದು ಕೈಯಲ್ಲಿ ಮಗು ಇರತ್ತೆ. ಇವರು ಸಿಗ್ನಲ್ ಬಿಟ್ಟ ತಕ್ಷಣ ಎಳೀತಾರೆ, ನಂಗೆ ಜೀವ ಬಾಯಿಗೆ ಬರತ್ತೆ."

"ಅದಕ್ಕೇನಂತೆ, ಗಾಡಿ ಕಳ್ಸು, ಹಾಕ್ಕೊಡ್ತೀನಿ."

ಅಳಿಯನಿಗೆ ಹೇಳಿದ್ದಕ್ಕೆ ಅವನು, "ಮಾವ, ನೀವೇ ಮಾಡಿದ ಕೆಲಸ, ನೀವೇ ಕೆಡಿಸ್ತೀರಾ? ಲುಕ್ ಹೋಗ್ಬಿಡತ್ತೆ. ಮುಂದಿನ ವಾರ ನೋಡೋಣ" ಎಂದ. ರೆಗ್ಜಿನ್ ಮಾವ ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಆ ಕೆಂಪು ಬಾಲದ ಮೇಲೆ ಕಬ್ಬಿಣ ಕೂರಿಸಲು ಮನಸ್ಸಿರಲಿಲ್ಲ. ಮುಂದಿನ ವಾರ ಮುಂದಕ್ಕೇ ಹೋಯಿತು.

ಅದು ರಜೆಯ ದಿನ, ಮಧ್ಯಾಹ್ನ. ಮೂವರೂ ಅವನ ಮನೆಗೆ ಊಟಕ್ಕೆಂದು ಹೊರಟಿದ್ದರು. ದೊಡ್ಡ ಸಿಗ್ನಲ್ಲಿನಲ್ಲಿ ಅಳಿಯ ಎಂದಿನಂತೆ ನುಸುಳಿ ನುಸುಳಿ ಮುಂದೆ ಬಂದು ಒಂದು ಬಸ್ಸಿನ ಮೂತಿಯ ಎದುರು ನಿಂತ. ಅವನ ತಲೆಗೆ ಹೆಲ್ಮೆಟ್ಟಿತ್ತು, ಹೆಂಡತಿಗಿರಲಿಲ್ಲ. ಹಸಿರು ಬಂತು. ಬಸ್ಸು ಮುಂದೆ ಹೋದರೆ ಅದರ ಹೊಗೆ ಕುಡಿಯುತ್ತ ಹಿಂದೆ ಹೋಗಬೇಕಲ್ಲ ಎಂದು ಅವನು ಒಮ್ಮೆಲೇ ಪೂರ್ತಿ ಎಕ್ಸಲರೇಟರ್ ತಿರುಗಿಸಿದ. ಬೈಕು ಮುಂದಕ್ಕೆ ಚಿಮ್ಮಿತು. ಹಿಂದೆ ಕೂತವಳು ಇಳಿಜಾರಿನ ಮೇಲೆ ಜಾರಿ ಮಗುವಿನ ಸಮೇತ ಬೆನ್ನಡಿಯಾಗಿ ರಸ್ತೆಗೆ ಬಿದ್ದಳು. ಬಸ್ಸಿನ ಚಾಲಕ ಎಚ್ಚರದ ಮನುಷ್ಯ, ಗಕ್ಕನೆ ನಿಲ್ಲಿಸಿದ. ಇಲ್ಲದಿದ್ದರೆ ಈ ಕಥೆಯಲ್ಲಿ ಮುಂದೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ.

ಆಸ್ಪತ್ರೆಗೆ ಓಡಿ ಬಂದ ರೆಗ್ಜಿನ್ ಮಾವನಿಗೆ ಮೊದಲು ಕಂಡದ್ದು ಮೊಮ್ಮಗಳು. ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅತ್ತೂ ಅತ್ತೂ ಸುಸ್ತಾಗಿ ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಮಗಳನ್ನು ಒಳಗೆ ಒಯ್ದಿದ್ದರು. ಸೊಂಟದ ಮೇಲೆ ಬೆನ್ನುಮೂಳೆ ಮುರಿದಿದೆ, ತಲೆಯ ಹಿಂಭಾಗಕ್ಕೂ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಜೀವಕ್ಕೆ ಭಯವಿಲ್ಲ, ಕಾಲು ಬರುತ್ತದೆಂದು ಹೇಳುವುದಿಲ್ಲ, ಬಿದ್ದ ದಿನದ ಮತ್ತು ಅದರ ಹಿಂದಿನ ಕೆಲವು ದಿನಗಳ ನೆನಪು ಅಳಿಸಿಹೋಗಿರಬಹುದು. ಅವನಿಗೆ ಕಾಲಿನ ಮಾತು ಮಾತ್ರ ಕೇಳಿಸಿತು. ಅಳಿಯ ಮೂಲೆಯಲ್ಲಿ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಮೂರನೇ ದಿನ ಅಳಿಯನ ಅಣ್ಣ ಅಂಗಡಿಗೆ ಬಂದ. ಟೈಲ್ಸ್ ವ್ಯಾಪಾರಿ, ನಾಲ್ಕು ಜನರ ನಡುವೆ ಓಡಾಡಿ ಪಳಗಿದವನು. ಬೈಕನ್ನು ತಳ್ಳಿಕೊಂಡೇ ಬಂದು ಅಂಗಡಿಯೊಳಗೆ ನಿಲ್ಲಿಸಿ, ಷಟರನ್ನು ಅರ್ಧ ಎಳೆದ.

"ಮಾವನವರೇ, ನಾಳೆ ಗಾಡೀನ ಸ್ಟೇಷನ್‌ಗೆ ತರಬೇಕಂತೆ. ಪರೀಕ್ಷೆ ಮಾಡ್ತಾರಂತೆ. ಹೀಗೇ ತಗೊಂಡು ಹೋದ್ರೆ ನನ್ನ ತಮ್ಮನ್ನ ಒಳಗೆ ಹಾಕ್ತಾರೆ."

ರೆಗ್ಜಿನ್ ಮಾವ ಬೈಕಿನ ಕೆಂಪು ಸೀಟನ್ನು ನೋಡಿದ.

"ನಿಮ್ಮ ಮಗಳು ಇನ್ನು ಮೇಲೆ ಹಾಸಿಗೆ ಮೇಲೆ. ಅವಳನ್ನ ನೋಡ್ಕೋಬೇಕಾದವನು ಜೈಲಲ್ಲಿದ್ರೆ ಹೇಗೆ? ನೀವೇ ಯೋಚ್ನೆ ಮಾಡಿ." ದನಿ ತಗ್ಗಿಸಿ ಸೇರಿಸಿದ: "ಇದನ್ನ ಮಾಡಿಕೊಟ್ಟೋರು ಯಾರು ಅಂತಾನೂ ಕೇಳ್ತಾರೆ."

ಕೊನೆಯ ಆ ಮಾತೇ ಕೆಲಸ ಮಾಡಿತೋ, ಮೊದಲಿನದೋ, ಅವನಿಗೇ ಗೊತ್ತಿಲ್ಲ. ಎದ್ದ. ಹಿಂಗೋಡೆಗೆ ಹೋಗಿ ಕೆಂಪು ಚೂರು ಕಟ್ಟಿದ ಹಿಡಿಕೆ ತೆಗೆದ. ಅಟ್ಟದ ಮೇಲಿಂದ ಅದೇ ಕಂಪನಿಯ ಹಳೆಯ ಅಗಲ ಸೀಟೊಂದನ್ನು ಇಳಿಸಿದ. ಕೆಂಪು ಸೀಟು ಕಳಚಿ ಅದನ್ನು ಕೂರಿಸಿದ, ಹಿಡಿಕೆ ಬಿಗಿದ. ಹೊಸ ಬೋಲ್ಟು ಹೊಳೆಯುತ್ತಿತ್ತು. ಹೊಳೆದರೆ ಅನುಮಾನ ಬರುತ್ತದೆ ಎಂದು ಅದಕ್ಕೆ ಗ್ರೀಸು ಸವರಿ, ಬಾಗಿಲ ಬಳಿಯ ಧೂಳನ್ನು ಬೆರಳಿನಿಂದ ತೀಡಿ, ಮತ್ತೆ ಒರೆಸಿ, ಮತ್ತೆ ತೀಡಿದ. ಹಿಡಿಕೆಯ ಮೇಲ್ಭಾಗವನ್ನು ಮರಳುಕಾಗದದಿಂದ ಒಂದೆರಡು ಸಲ ಉಜ್ಜಿ, ಕೈ ಆಡಿ ಆಡಿ ಸವೆದಂತೆ ಮಾಡಿದ.

"ಕಂಪನಿಯಿಂದ ಬಂದಾಗಿಂದ ಇಲ್ಲೇ ಇದ್ದ ಹಾಗಿದೆ" ಎಂದ ಅಳಿಯನ ಅಣ್ಣ.

ಆ ಮಾತಿಗೆ ಅವನ ಮನಸ್ಸು ಒಂದು ಕ್ಷಣ ಹಿಗ್ಗಿತು. ಮಗಳು ಸೊಂಟದ ಕೆಳಗೆ ಜೀವವಿಲ್ಲದೆ ಮಲಗಿರುವಾಗ ಈ ಮನುಷ್ಯ ತನ್ನ ಕೈಚಳಕಕ್ಕೆ ಹಿಗ್ಗಿದ. ಅದನ್ನು ಮುಚ್ಚಿಟ್ಟು ಅವನ ಕಥೆ ಹೇಳಲು ನನಗೆ ಇಷ್ಟವಿಲ್ಲ.

ಸ್ಟೇಷನ್ನಿನಲ್ಲಿ ಪರೀಕ್ಷೆಗೆ ಬಂದ ಅಧಿಕಾರಿ ಬ್ರೇಕು ಒತ್ತಿ ನೋಡಿದ, ಸೀಟು ತಟ್ಟಿದ, ಹಿಡಿಕೆ ಅಲ್ಲಾಡಿಸಿದ. "ಗಾಡೀಲಿ ದೋಷ ಇಲ್ಲ. ಹಿಡಿಕೆ ಇದ್ರೂ ಹೆಂಗಸು ಹಿಡ್ಕೊಂಡಿಲ್ಲ" ಎಂದ. ಅಳಿಯನಿಗೆ ಬುದ್ಧಿ ಹೇಳಿ ಕಳಿಸಿದರು. ಗಂಡಸರೆಲ್ಲ ನಿಟ್ಟುಸಿರು ಬಿಟ್ಟರು. ಆ ಒಂದು ವಾಕ್ಯ ಯಾರ ತಲೆಯ ಮೇಲೆ ಹೋಗಿ ಕೂರುತ್ತದೆ ಎಂದು ಅವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಮಗಳಿಗೆ ಪೂರ್ತಿ ಎಚ್ಚರ ಬಂದು ಮಾತಾಡುವಂತಾದಾಗ ಮೊದಲು ಕೇಳಿದ್ದು ಮಗುವನ್ನು. ಎರಡನೆಯದಾಗಿ, ಹೇಗೆ ಬಿದ್ದೆ ಎಂದು. ಸಿಗ್ನಲ್ಲಿಗೆ ಬಂದದ್ದೇ ಅವಳಿಗೆ ನೆನಪಿರಲಿಲ್ಲ. ನೋಡಲು ಬಂದ ನೆಂಟರು ತಲೆಗೊಂದು ಮಾತು ಹೇಳಿದರು. "ಹಿಡಿಕೆ ಇತ್ತಂತಲ್ಲೇ, ಹಿಡ್ಕೋಬಾರ್ದಿತ್ತಾ?" ಎಂದಳೊಬ್ಬಳು ಚಿಕ್ಕಮ್ಮ. "ಫೋನ್ ನೋಡ್ತಿದ್ಲೋ ಏನೋ" ಎಂದು ಇನ್ನೊಬ್ಬರು ಕಾರಿಡಾರಿನಲ್ಲಿ, ಅವಳಿಗೆ ಕೇಳಿಸುವಷ್ಟು ಮೆಲ್ಲಗೆ.

"ನಮ್ಮ ಗಾಡಿಗೆ ಹಿಡಿಕೆ ಇರ್ಲಿಲ್ಲವಲ್ಲ?" ಎಂದಳು ಅವಳು ಗಂಡನಿಗೆ.

ಅವನು ಕಿಟಕಿಯ ಕಡೆ ನೋಡುತ್ತ, "ನೀನು ಕೇಳ್ದೆ ಅಂತ ಆ ವಾರ ಹಾಕಿಸಿದ್ದೆನಲ್ಲ. ಮರೆತುಹೋಯ್ತಾ? ಡಾಕ್ಟ್ರು ಹೇಳಿದ್ರು, ತಲೆಗೆ ಪೆಟ್ಟು ಬಿದ್ದಾಗ ಹಾಗಾಗತ್ತೆ" ಎಂದ. ಅಣ್ಣ ಕಲಿಸಿಕೊಟ್ಟ ಮಾತು. ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಹಾಸಿಗೆಯ ಇನ್ನೊಂದು ಬದಿಯಲ್ಲಿ ರೆಗ್ಜಿನ್ ಮಾವ ನಿಂತಿದ್ದ. ಮಗಳು ಅಪ್ಪನ ಮುಖ ನೋಡಿದಳು. ಅವನು ಅವಳ ಹೊದಿಕೆ ಸರಿಮಾಡಿದ.

ಆಸ್ಪತ್ರೆಯಿಂದ ಅವಳನ್ನು ತವರಿಗೇ ತಂದರು, ಮುಂದಿನ ಕೋಣೆಯಲ್ಲಿ ಮಂಚ ಹಾಕಿದರು. ಅಳಿಯ ಕೆಲಸ ಮುಗಿಸಿ ದಿನವೂ ಬರುತ್ತಿದ್ದ, ಅವಳನ್ನು ಮಗ್ಗುಲಿಗೆ ಹೊರಳಿಸುತ್ತಿದ್ದ, ಬೆನ್ನು ಒರೆಸುತ್ತಿದ್ದ. ಅದರಲ್ಲಿ ಅವನು ಕೊರತೆ ಮಾಡಲಿಲ್ಲ. ಬೈಕನ್ನು ಈಗ ಮೆಲ್ಲಗೆ ಓಡಿಸುತ್ತಿದ್ದ, ಹಿಂದಿನ ವಾಹನದವರು ಹಾರ್ನ್ ಹೊಡೆದು ಬೈಯುವಷ್ಟು ಮೆಲ್ಲಗೆ. ಏನು ಪ್ರಯೋಜನ?

ಕಾಲಿನ ದುಃಖವನ್ನು ಅವಳು ಹೇಗೋ ಹೊಟ್ಟೆಗೆ ಹಾಕಿಕೊಂಡಳು. ಅತ್ತಳು, ಬೈದಳು, ಮತ್ತೆ ಊಟ ಮಾಡಿದಳು. ಅವಳನ್ನು ತಿಂದದ್ದು ಬೇರೆ. ಹಿಡಿಕೆ ಹಾಕಿಸಿದ್ದೇ ಮರೆತುಹೋಗಿದ್ದರೆ ಇನ್ನೇನೇನು ಮರೆತಿದ್ದೇನೆ? ಹಿಡಿಕೆ ಇದ್ದೂ ಹಿಡಿದುಕೊಳ್ಳಲಿಲ್ಲ ಎಂದರೆ ನಾನು ಎಂಥ ತಾಯಿ? ಕಣ್ಣು ಮುಚ್ಚಿ ಔಷಧಿ ಅಂಗಡಿಯ ಕಪಾಟುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು. ಮೇಲಿನ ಗೂಡಲ್ಲಿ ಕೆಮ್ಮಿನದು, ಅದರ ಕೆಳಗೆ ಜ್ವರದ್ದು, ಪಕ್ಕದಲ್ಲಿ ಹೊಟ್ಟೆಯದು. ಹೇಳುತ್ತ ಹೇಳುತ್ತ ನಿಂತುಬಿಡುತ್ತಿದ್ದಳು. "ಅಮ್ಮಾ, ನಾನು ಓದಿದ ಶಾಲೆ ಗೇಟು ನೀಲಿ ತಾನೆ?" ಎಂದು ಕೇಳುತ್ತಿದ್ದಳು. "ನೀಲಿಯೇ ಕಣೆ" ಎಂದರೆ, "ನೀನು ನಂಗೆ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?" ಎನ್ನುತ್ತಿದ್ದಳು. ಮನೆಯವರಿಗೆಲ್ಲ ಕಳೆದ ವಸ್ತು ಹುಡುಕಿಕೊಡುತ್ತಿದ್ದವಳು, ತಿಂದ ಊಟದಲ್ಲಿ ಏನಿತ್ತು ಎಂಬುದಕ್ಕೂ ಸಾಕ್ಷಿ ಕೇಳುವಂತಾದಳು.

ಮಗುವನ್ನು ಮಾತ್ರ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ ಮಲಗಿಸಲೂ ಬಿಡುತ್ತಿರಲಿಲ್ಲ.

ಅಂಗಡಿಯಲ್ಲಿ ರೆಗ್ಜಿನ್ ಮಾವ ಕಟಿಂಗ್ ನಿಲ್ಲಿಸಿದ್ದ. ಬಂದವರಿಗೆ ಮೋಟಾರು ಕೆಟ್ಟಿದೆ ಎನ್ನುತ್ತಿದ್ದ. ಅವರು ಪಕ್ಕದ ಬೀದಿಯಲ್ಲಿ ಮಾಡಿಸಿಕೊಂಡು ಅವನ ಅಂಗಡಿಯ ಎದುರೇ ಸುಯ್ಯನೆ ಹೋಗುತ್ತಿದ್ದರು, ಹಿಂದೆ ಕೂತವರು ಅವರ ಸೊಂಟ ಹಿಡಿದು. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು, ಅವರು ತಿರುವು ದಾಟುವ ತನಕ ನೋಡುತ್ತ ನಿಲ್ಲುತ್ತಿದ್ದ. ಹೇಳಬೇಕು ಎಂದು ಬೆಳಿಗ್ಗೆ ನಿರ್ಧರಿಸಿ ಸಂಜೆ ಹೇಳದೆ ಮಲಗುತ್ತಿದ್ದ. ಹೇಳಿದರೆ ಅಳಿಯ ಮುರಿದುಕೊಂಡು ಹೋದರೆ? ಸ್ಟೇಷನ್ನಿಗೆ ಸುಳ್ಳು ಹೇಳಿದ್ದಕ್ಕೆ ಇಬ್ಬರನ್ನೂ ಹಿಡಿದರೆ? ಇವೆಲ್ಲ ಅವನು ತನಗೆ ಕೊಟ್ಟುಕೊಂಡ ಕಾರಣಗಳು. ಅಸಲು ಹೆದರಿಕೆ ಅವಳ ಮುಖದ್ದು.

ಮಗುವಿನ ಪ್ಲಾಸ್ಟರ್ ಬಿಚ್ಚಿದ ವಾರ. ಸಂಜೆ ಬೆಳಕಿರುವಾಗಲೇ ಅಳಿಯ ಬಂದಿದ್ದ. ರೆಗ್ಜಿನ್ ಮಾವ ಗೋಡೆಗೆ ಒರಗಿ ಕೂತು ಚಹಾ ಕುಡಿಯುತ್ತಿದ್ದ. ಮಗು ಮಂಚದ ಕಾಲು ಹಿಡಿದು ಎದ್ದು ನಿಂತು, ತೆಳ್ಳಗಾದ ತನ್ನ ಎಡಗೈ ಮೇಲೆತ್ತಿ ಅಮ್ಮನ ಬೆರಳು ಹಿಡಿಯಲು ಹೋಯಿತು. ಅವಳು ಬೆಂಕಿ ತಗುಲಿದವಳ ಹಾಗೆ ಎರಡೂ ಕೈಗಳನ್ನು ಹೊದಿಕೆಯ ಒಳಗೆ ಎಳೆದುಕೊಂಡಳು.

"ಅಮ್ಮಾ, ಇವಳನ್ನ ಎತ್ಕೊಂಡು ಹೋಗು. ನನ್ನ ಕೈ ನಂಬೋ ಹಾಗಿಲ್ಲ."

ಅವಳ ಅಮ್ಮ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಮಗು ಅಜ್ಜಿಯ ಹೆಗಲ ಮೇಲಿಂದ ಕೈ ಚಾಚಿ ರಚ್ಚೆ ಹಿಡಿಯಿತು.

ರೆಗ್ಜಿನ್ ಮಾವ ಲೋಟ ಕೆಳಗಿಟ್ಟ. "ಹಿಡಿಕೆ ಇರ್ಲಿಲ್ಲ ಕಣಮ್ಮ" ಎಂದ.

ಅಳಿಯ "ಮಾವ" ಎಂದು ಅರ್ಧ ಎದ್ದ.

"ಇರ್ಲಿಲ್ಲ. ಮದುವೆ ಟೈಮಲ್ಲಿ ನಾನೇ ಬಿಚ್ಚಿದ್ದೆ, ಆಮೇಲೆ ಯಾರೂ ಹಾಕ್ಲಿಲ್ಲ. ನೀನು ಬಿದ್ದು ಆಸ್ಪತ್ರೇಲಿ ಇದ್ದಾಗ, ಪೊಲೀಸ್ರಿಗೆ ತೋರ್ಸೋಕೆ ನಾನೇ ಹಾಕ್ಕೊಟ್ಟೆ. ಸೀಟೂ ಬದಲಾಯಿಸ್ದೆ. ಧೂಳು ಹಚ್ಚಿ ಹಳೇದು ಮಾಡ್ದೆ. ಹಿಡಿಕೆ ವಿಷಯದಲ್ಲಿ ನಿಂಗೆ ನೆನಪಿದ್ದದ್ದೇ ಸರಿ."

ಮಗಳು ಅವನನ್ನೇ ನೋಡಿದಳು. ಬೈಗುಳ ಬರುತ್ತದೆಂದು ಅವನು ತಲೆ ತಗ್ಗಿಸಿ ಕಾದ.

"ಇನ್ನೊಂದು ಸಲ ಹೇಳು" ಎಂದಳು.

ಅವನು ಮೊದಲಿಂದ ಹೇಳಿದ. ಒಂದು ಮಾತೂ ಬಿಡಲಿಲ್ಲ.

"ಹಾಗಾದ್ರೆ ನಂಗೆ ತಲೆ ಕೆಟ್ಟಿಲ್ಲ" ಎಂದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ದನಿಯಲ್ಲಿ ಮಾತ್ರ ಅಳುವಿರಲಿಲ್ಲ. ಗಂಡನ ಕಡೆ ತಿರುಗಿದಳು. "ಈ ಕೈಯಲ್ಲಿ ಮಗು ಇತ್ತು. ಈ ಕೈ ಎಲ್ಲಿತ್ತು? ನೀವು ಹೇಳಿ. ನಾನು ಏನನ್ನೂ ಹಿಡ್ಕೊಂಡೇ ಇರ್ಲಿಲ್ವಾ?"

ಅಳಿಯ ನೆಲ ನೋಡುತ್ತ ಹೇಳಿದ: "ನನ್ನ ಶರ್ಟು ಹಿಡ್ಕೊಂಡಿದ್ದೆ."

ರೆಗ್ಜಿನ್ ಮಾವ ತಲೆ ಎತ್ತಿದ. ಈ ಮಾತು ಅವನಿಗೂ ಹೊಸದು.

"ಹರಿದಿತ್ತು" ಎಂದ ಅಳಿಯ. "ಬಗಲಿಂದ ಕೆಳಗಿನ ತನಕ. ನೀನು ಬಿಡ್ಲೇ ಇಲ್ಲ. ಬಟ್ಟೆ ಹರೀತು. ಆಸ್ಪತ್ರೇಲಿ ನಿನ್ನ ಮುಷ್ಟಿ ಬಿಡಿಸಿದಾಗ ಒಳಗೆ ಅದರ ಚೂರಿತ್ತು, ನರ್ಸು ತೆಗೆದು ನನ್ನ ಕೈಗೆ ಕೊಟ್ರು. ಅಣ್ಣ ಬೇರೆ ಶರ್ಟು ತಂದುಕೊಟ್ಟ. ಹರಿದದ್ದನ್ನೂ ಆ ಚೂರನ್ನೂ ಅಲ್ಲೇ ಕಸದ ಡಬ್ಬಿಗೆ ಹಾಕ್ಬಿಟ್ಟೆ." ಅಷ್ಟು ಹೇಳಿ ಅವನು ದನಿ ತೆಗೆದು ಅಳತೊಡಗಿದ.

ಅವಳು ಹೊದಿಕೆಯಿಂದ ಬಲಗೈ ಹೊರತೆಗೆದು, ಅಂಗೈ ಮೇಲೆ ಮಾಡಿ, ಬಹಳ ಹೊತ್ತು ನೋಡಿದಳು. ಬೆರಳು ಮಡಿಸಿದಳು, ಬಿಡಿಸಿದಳು.

"ನಾಳೆ ಸ್ಟೇಷನ್ನಿಗೆ ಹೋಗಿ ನಾನೇ ಹೇಳ್ತೀನಮ್ಮ" ಎಂದ ಅಪ್ಪ.

"ಅದೇನಾದ್ರೂ ಮಾಡ್ಕೋ" ಎಂದಳು, ಅವನ ಕಡೆ ನೋಡದೆ. "ಅಮ್ಮಾ, ಮಗೂನ ಇಲ್ಲಿ ತಗೊಂಡು ಬಾ."

ಅವಳ ಅಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗಂಡನನ್ನು ಒಮ್ಮೆ ನೋಡಿ, ಅವನನ್ನು ದಾಟಿ ಬಂದು ಮಗುವನ್ನು ಮಗಳ ತೋಳಿಗೆ ಕೊಟ್ಟಳು. ಮಗು ಅಳು ನಿಲ್ಲಿಸಿ ಅಮ್ಮನ ಕುತ್ತಿಗೆಗೆ ಜೋತುಬಿತ್ತು. ಅವಳು ಎರಡೂ ಕೈಯಿಂದ ಅದನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ರೆಗ್ಜಿನ್ ಮಾವ ಎದ್ದು ಮಂಚದ ಹತ್ತಿರ ಒಂದು ಹೆಜ್ಜೆ ಇಟ್ಟ. ಅವಳು ಕಣ್ಣು ತೆರೆಯದೆಯೇ ಹೇಳಿದಳು:

"ನೀವಿಬ್ರೂ ಆಚೆ ಹೋಗಿ. ಅಮ್ಮಾ, ಬಾಗಿಲು ಹಾಕ್ಕೋ."